ಒಡೆದ ಪೊಟ್ಟಣದ ಇತಿಹಾಸ

ಅಂಗಡಿಯಿಂದ ತಂದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯನ್ನು ನೀವು ಎಷ್ಟೋ ಸಲ ಒಡೆದಿರುತ್ತೀರಿ. ಮೇಲಿನ ಮುಚ್ಚಳವನ್ನು ಕಿತ್ತರೆ ಒಳಗೆ ಮತ್ತೊಂದು ಪೊಟ್ಟಣ. ಅದರ ಬಾಯನ್ನು ಹರಿದು ನಾಲ್ಕು ಬಿಸ್ಕತ್ತು ತೆಗೆದುಕೊಂಡು, ಉಳಿದುದನ್ನು ಹೇಗೋ ಮಡಿಚಿ, ಪೆಟ್ಟಿಗೆಯೊಳಕ್ಕೆ ತುರುಕಿ ಬೀರುವಿನಲ್ಲಿಡುತ್ತೀರಿ. ಮರುದಿನ ಮನೆಯ ಮಗು ಆ ಪೆಟ್ಟಿಗೆಯನ್ನು ತಲೆಕೆಳಗಾಗಿ ಎತ್ತುತ್ತದೆ. ನೀವು ಮಡಿಚಿದ್ದ ಬಾಯಿ ಒಳಗೇ ಬಿಚ್ಚಿಕೊಂಡಿರುತ್ತದೆ. ಪೊಟ್ಟಣಕ್ಕೂ ಪೆಟ್ಟಿಗೆಗೂ ನಡುವಣ ಸಂದಿನಿಂದ ಚೂರುಪಾರೆಲ್ಲ ನೆಲಕ್ಕೆ ಸುರಿಯುತ್ತದೆ. ಇರುವೆಗಳಿಗೆ ಸುದ್ದಿ ಮುಟ್ಟಲು ಬಹಳ ಹೊತ್ತು ಬೇಕಾಗುವುದಿಲ್ಲ.

ಇದೇನು, ಚರಿತ್ರೆಗೆ ತಕ್ಕ ವಸ್ತುವೆ ಎಂದು ನೀವು ಕೇಳಬಹುದು. ರಾಜರ ಪಟ್ಟಾಭಿಷೇಕಗಳನ್ನೂ ಯುದ್ಧಗಳನ್ನೂ ತೇದಿ ತಪ್ಪದಂತೆ ಒಪ್ಪಿಸುವ ಹುಡುಗರಿಗೆ, ತಮ್ಮ ಮನೆಯ ಗೂಡಿನಲ್ಲಿರುವ ಪೊಟ್ಟಣಕ್ಕೂ ಒಂದು ತೇದಿಯುಂಟೆಂಬುದು ತಿಳಿಯದು. ಆದರೆ ಉಂಟು. ಅಷ್ಟೇ ಅಲ್ಲ, ಆ ಇತಿಹಾಸದಲ್ಲಿ ಒಂದು ಒಗಟೂ ಇದೆ. ಪದಾರ್ಥವನ್ನು ಮೊದಲ ಸಲ ಭದ್ರವಾಗಿ ಮುಚ್ಚುವ ವಿದ್ಯೆ ಬೇಗನೆ ಬೆಳೆಯಿತು. ಒಡೆದುದನ್ನು ಮತ್ತೆ ಮುಚ್ಚುವ ವಿದ್ಯೆ ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಕಾರಣವೇನು?

ಹಳಬರ ಪಾತ್ರೆಗಳಿಗೆ ಈ ತೊಡಕು ಇರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ನಮ್ಮ ಭರಣಿ, ಕರಡಿಗೆ, ಡಬ್ಬಿ ಇವೆಲ್ಲ ದಿನಕ್ಕೆ ಹತ್ತು ಸಲ ತೆರೆದು ಹತ್ತು ಸಲ ಮುಚ್ಚಲೆಂದೇ ಹುಟ್ಟಿದವು. ಸಂಪುಟವೆಂಬ ಮಾತನ್ನು ಇಂದು ಪುಸ್ತಕಕ್ಕೆ ಬಳಸುತ್ತೇವೆ. ಅದರ ಮೂಲಾರ್ಥ ಒಂದಕ್ಕೊಂದು ಕೂಡಿಕೊಳ್ಳುವ ಎರಡು ಹೋಳುಗಳ ಕರಂಡ. ಪೊಟ್ಟಣದ ಜಾತಿ ಬೇರೆ. ಅದು ಅಂಗಡಿಯಿಂದ ಮನೆಯವರೆಗಿನ ಹಾದಿಗಾಗಿ ಕಟ್ಟಿದ್ದು. ಮನೆಗೆ ಬಂದೊಡನೆ ಅದನ್ನು ಬಿಚ್ಚಿ ಡಬ್ಬಿಗೆ ಸುರಿಯುವುದು ವಾಡಿಕೆ. ಪೊಟ್ಟಣವೇ ಡಬ್ಬಿಯ ಕೆಲಸವನ್ನೂ ಮಾಡಬೇಕೆಂದು ಯಾವಾಗ ಹೊರಟೆವೋ ಆಗ ಈ ಚೆಲ್ಲಾಟ ಆರಂಭವಾಯಿತು.

ಮೊದಲಿಗೆ ಇಂಗ್ಲೆಂಡಿಗೆ ಹೋಗೋಣ. 19ನೆಯ ಶತಮಾನದ ಆದಿಯಲ್ಲಿ ಅಲ್ಲಿ ಚಹದ ಎಲೆಗೆ ಬೇರೆ ಗಿಡಗಳ ಎಲೆಯನ್ನೂ, ಒಮ್ಮೆ ಕುದಿಸಿ ಒಣಗಿಸಿದ ಚಹವನ್ನೂ ಬೆರೆಸಿ ಮಾರುವುದು ನಡೆದೇ ಇತ್ತು. ಜಾನ್ ಹಾರ್ನಿಮನ್ ಎಂಬ ವರ್ತಕ 1826ರಲ್ಲಿ ಚಹವನ್ನು ತೂಕಮಾಡಿ, ಕಾಗದದ ಪೊಟ್ಟಣದಲ್ಲಿ ಮುಚ್ಚಿ, ತನ್ನ ಹೆಸರು ಹಾಕಿ ಮಾರತೊಡಗಿದ. ಆ ಮುದ್ರೆ ಯಾರ ಕೈಯನ್ನು ತಡೆಯಲು ಎಂಬುದನ್ನು ಗಮನಿಸಿರಿ. ಅದು ನಡುವಿನ ಅಂಗಡಿಯವನ ಕೈ. ಕೊಂಡವನ ಮನೆಯಲ್ಲಿ ಮುದ್ರೆ ಒಡೆದ ಮೇಲೆ ಹಾರ್ನಿಮನ್ನನಿಗೆ ಅದರ ಚಿಂತೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಒಗಟಿನ ಅರ್ಧ ಉತ್ತರ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಮುಂದಿನ ಕಥೆಯೆಲ್ಲ ಹೆಚ್ಚಾಗಿ ಅಮೆರಿಕದ್ದು. ಚಪ್ಪಟೆ ತಳದ ಕಾಗದದ ಚೀಲ ನಿಮಗೆ ಗೊತ್ತು; ಮೇಜಿನ ಮೇಲಿಟ್ಟರೆ ತಾನೇ ನಿಲ್ಲುತ್ತದೆ. ಅದನ್ನು ಮಡಿಸಿ ಅಂಟಿಸುವ ಯಂತ್ರವನ್ನು ಕಲ್ಪಿಸಿದವಳು ಮಾರ್ಗರೆಟ್ ನೈಟ್ ಎಂಬ ಹೆಂಗಸು. ಕಾಗದದ ಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವಳು. ಆಕೆಯ ಮಾದರಿಯನ್ನು ನೋಡಿದ್ದ ಚಾರ್ಲ್ಸ್ ಅನಾನ್ ಎಂಬಾತ ಅದು ತನ್ನದೆಂದು ಪೇಟೆಂಟಿಗೆ ಅರ್ಜಿ ಹಾಕಿಕೊಂಡ. ಹೆಂಗಸಿಗೆ ಇಂಥ ಯಂತ್ರದ ಮರ್ಮ ಹೇಗೆ ತಿಳಿದೀತು ಎಂಬುದು ಆತನ ವಾದವಾಗಿತ್ತಂತೆ. ಆಕೆ ತನ್ನ ನಕ್ಷೆಗಳನ್ನೂ ಸಾಕ್ಷಿಗಳನ್ನೂ ಮುಂದಿಟ್ಟು ವ್ಯಾಜ್ಯ ಗೆದ್ದಳು. 1871ರಲ್ಲಿ ಪೇಟೆಂಟು ಆಕೆಯ ಹೆಸರಿಗೇ ಬಂತು. ಪೊಟ್ಟಣದ ಚರಿತ್ರೆಯಲ್ಲಿ ನ್ಯಾಯಾಲಯದ ಮೆಟ್ಟಿಲು ಹೀಗೆ ಮೊದಲಿನಿಂದಲೂ ಇದೆ. ಮುಂದೆಯೂ ಬರುತ್ತದೆ.

ರಟ್ಟಿನ ಪೆಟ್ಟಿಗೆಯದು ಇನ್ನೂ ಸ್ವಾರಸ್ಯದ ಸಂಗತಿ. ರಾಬರ್ಟ್ ಗೇರ್ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1839ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ನ್ಯೂಯಾರ್ಕಿಗೆ ಬಂದವನು. ಅಲ್ಲಿನ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿ ಹೋರಾಡಿ ಬಂದು ಕಾಗದದ ಚೀಲದ ವ್ಯಾಪಾರಕ್ಕಿಳಿದನು. 1879ರಲ್ಲಿ ಒಂದು ದಿನ ಅವನ ಕಾರ್ಖಾನೆಯಲ್ಲಿ ಬಿತ್ತನೆ ಬೀಜದ ಚೀಲಗಳನ್ನು ಅಚ್ಚುಮಾಡುತ್ತಿದ್ದರು. ಕಾಗದಕ್ಕೆ ಮಡಿಕೆಯ ಗೆರೆಯನ್ನು ಒತ್ತುವ ಲೋಹದ ಪಟ್ಟಿ ಸ್ಥಳ ತಪ್ಪಿ ಮೇಲೆದ್ದು, ಮಡಿಕೆಯ ಬದಲು ಚೀಲಗಳನ್ನು ಕತ್ತರಿಸಿಹಾಕಿತು. ಚೀಲಗಳು ಹಾಳಾದವು. ಗೇರ್ ಮಾತ್ರ ಆ ಹಾಳಿನಲ್ಲಿ ಬೇರೊಂದನ್ನು ಕಂಡನು. ಹರಿತವಾದ ಪಟ್ಟಿಯನ್ನು ಸ್ವಲ್ಪ ಎತ್ತರಕ್ಕೂ ಮೊಂಡಾದ ಪಟ್ಟಿಯನ್ನು ಸ್ವಲ್ಪ ತಗ್ಗಿಗೂ ಕೂರಿಸಿದರೆ, ಯಂತ್ರದ ಒಂದೇ ಒತ್ತಿಗೆ ರಟ್ಟು ಒಂದೆಡೆ ಕತ್ತರಿಸಿಕೊಳ್ಳುತ್ತದೆ, ಇನ್ನೊಂದೆಡೆ ಮಡಿಕೆ ಬೀಳುತ್ತದೆ! ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆಯನ್ನು ಕೈಯಿಂದ ಕತ್ತರಿಸಿ, ಕೈಯಿಂದ ಗೆರೆ ಎಳೆದು, ಕೈಯಿಂದ ಅಂಟಿಸಬೇಕಾಗಿತ್ತು. ಬೆಲೆಬಾಳುವ ಸಾಮಾನಿಗಷ್ಟೆ ಅದು ಸಲ್ಲುತ್ತಿತ್ತು. ಗೇರನ ಪೆಟ್ಟಿಗೆಯಾದರೋ ಹಾಳೆಯಂತೆ ಚಪ್ಪಟೆಯಾಗಿ ಕಟ್ಟುಕಟ್ಟಾಗಿ ಹೋಗಿ, ಬೇಕಾದಲ್ಲಿ ಎದ್ದುನಿಲ್ಲುತ್ತಿತ್ತು. ಅಲ್ಪಬೆಲೆಯ ತಿಂಡಿಗೂ ಮನೆ ಸಿಕ್ಕಿತು.

ಆ ತಿಂಡಿಗಳಲ್ಲಿ ಮುಖ್ಯವಾದುದು ಬಿಸ್ಕತ್ತು. ಅಮೆರಿಕದ ಅಂಗಡಿಗಳಲ್ಲಿ ಉಪ್ಪುಬಿಸ್ಕತ್ತುಗಳನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಿದ್ದರು. ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ತಳದ ಬಿಸ್ಕತ್ತು ತಲಪುವ ಹೊತ್ತಿಗೆ ಅವು ಮೆತ್ತಗಾಗಿ, ಚೂರಾಗಿ, ಇಲಿಯ ಕಣ್ಣಿಗೂ ಬಿದ್ದಿರುತ್ತಿದ್ದವು. 1898ರಲ್ಲಿ ಅನೇಕ ಬೇಕರಿಗಳು ಒಂದುಗೂಡಿ ನ್ಯಾಷನಲ್ ಬಿಸ್ಕಿಟ್ ಕಂಪನಿಯಾಯಿತು. ಅದರ ಧುರೀಣ ಅಡಾಲ್ಫಸ್ ಗ್ರೀನ್, ವೃತ್ತಿಯಿಂದ ವಕೀಲ. ಪೀಪಾಯಿಯನ್ನು ಓಡಿಸಬೇಕೆಂದು ಅವನು ಹಟತೊಟ್ಟ. ಕಂಪನಿಯ ಫ್ರಾಂಕ್ ಪೀಟರ್ಸ್ ಎಂಬಾತ ಉಪಾಯ ಹೂಡಿದ: ರಟ್ಟಿನ ಹಾಳೆಯ ಮೇಲೆ ಮೇಣಗಾಗದವನ್ನು ಹಾಸಿ, ಎರಡನ್ನೂ ಜೊತೆಯಾಗಿಯೇ ಮಡಿಸುತ್ತ ಹೋದರೆ ಒಳಗಿನ ಕಾಗದ ಹೊರಗಿನ ಪೆಟ್ಟಿಗೆಯ ಮಡಿಕೆಗಳೊಳಗೆ ಸಿಕ್ಕಿ ಗಾಳಿಗೂ ತೇವಕ್ಕೂ ಎಡೆಗೊಡದೆ ನಿಲ್ಲುತ್ತದೆ. ಇದಕ್ಕೆ ‘ಇನ್-ಎರ್-ಸೀಲ್’ ಎಂದು ಹೆಸರಾಯಿತು. ಮಳೆಯಲ್ಲಿ ಹಳದಿಯ ಮಳೆಯಂಗಿ ತೊಟ್ಟ ಹುಡುಗನೊಬ್ಬ ಬಿಸ್ಕತ್ತಿನ ಪೆಟ್ಟಿಗೆಯನ್ನು ಅವಚಿಕೊಂಡು ಹೋಗುವ ಚಿತ್ರ ದೇಶಾದ್ಯಂತ ಗೋಡೆಗಳನ್ನೇರಿತು.

ಬಿಸ್ಕತ್ತಿನ ಹೆಸರು ಯುನೀಡಾ. ‘ನಿನಗೊಂದು ಬೇಕು’ ಎಂಬ ಇಂಗ್ಲಿಷು ಮಾತನ್ನೇ ಹಿಂಡಿ ಮಾಡಿದ ಪದ. ಅದು ಕೈಗೂಡಿದ್ದನ್ನು ಕಂಡು ಇನ್ನೊಬ್ಬರು ‘ಐವಾಂಟಾ’ ಎಂಬ ಬಿಸ್ಕತ್ತು ತಂದರು. ‘ನನಗೊಂದು ಬೇಕು’! ಪ್ರಶ್ನೆಗೆ ಉತ್ತರ ಕೊಟ್ಟಂತಿರುವ ಈ ಜಾಣತನ ವ್ಯಾಕರಣ ಬಲ್ಲವರಿಗೆ ನಗು ತರಿಸಬಹುದು, ಗ್ರೀನನಿಗೆ ತರಿಸಲಿಲ್ಲ. ಮೊಕದ್ದಮೆ ಹೂಡಿ 1899ರಲ್ಲಿ ಗೆದ್ದನು.

ಇಷ್ಟೆಲ್ಲ ಆದರೂ, ವಾಚಕರೆ, ಪೆಟ್ಟಿಗೆ ಒಡೆದ ಮೇಲೆ ಏನು? ಮುದ್ರೆ ಹರಿಯಿತೆಂದರೆ ಹರಿಯಿತು. ಯುನೀಡಾ ಪೊಟ್ಟಣ ಐದು ಸೆಂಟಿನ ಚಿಕ್ಕ ಪೊಟ್ಟಣವಾದ್ದರಿಂದ ಈ ಕುಂದು ಬೇಗ ಕಾಣಲಿಲ್ಲ. ಮಕ್ಕಳಿದ್ದ ಮನೆಯಲ್ಲಿ ಅದನ್ನು ಮತ್ತೆ ಮುಚ್ಚುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಪೆಟ್ಟಿಗೆ ದೊಡ್ಡದಾದಂತೆ, ಒಳಚೀಲ ಪೆಟ್ಟಿಗೆಯಿಂದ ಬೇರೆಯಾದಂತೆ, ಕಷ್ಟ ಮೇಲೆ ಬಂತು. ದ್ರವ್ಯವೇ ಓಡುವ ಜಾತಿಯದಾದಲ್ಲಿ ಮಾತ್ರ ತಯಾರಕರು ಬೇಗ ಎಚ್ಚೆತ್ತರು. ಮಾರ್ಟನ್ ಉಪ್ಪಿನ ಡಬ್ಬಿಗೆ 1914ರ ಸುಮಾರಿಗೆ ಮಡಿಸಿದರೆ ಮುಚ್ಚುವ ತಗಡಿನ ಮೂತಿ ಬಂದಿತ್ತು. 1915ರಲ್ಲಿ ವ್ಯಾನ್ ವರ್ಮರ್ ಎಂಬ ಆಟಿಕೆ ತಯಾರಕ ಪೇಟೆಂಟು ಪಡೆದ ಹಾಲಿನ ಕಾಗದದ ಪೆಟ್ಟಿಗೆಯ ವಂಶದಲ್ಲಿ, ಹೆಂಚಿನ ಮನೆಯ ಮಾಡಿನಂತಿರುವ ಮೇಲ್ಭಾಗವನ್ನೇ ಕೊಕ್ಕಿನಂತೆ ಎಳೆದು ಹಾಲು ಬಗ್ಗಿಸಿ, ಮತ್ತೆ ಒಳಕ್ಕೆ ತಳ್ಳಿಡುವ ಅನುಕೂಲ ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಮೇಣಗಾಗದವನ್ನು ಮಡಿಚಿ ಉಗುರಿನಿಂದ ತೀಡಿದರೆ ಮಡಿಕೆ ಹಾಗೆಯೇ ನಿಲ್ಲುತ್ತದೆ. ತೆಳು ಲೋಹದ ಹಾಳೆಯಲ್ಲಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ. 1933ರಲ್ಲಿ ಇಂಗ್ಲೆಂಡಿನ ಒಂದು ರಾಸಾಯನಿಕ ಪ್ರಯೋಗಾಲಯದಲ್ಲಿ ಪಾಲಿಥೀನು ಕಂಡುಬಂತು. ಶತಮಾನದ ಉತ್ತರಾರ್ಧದಲ್ಲಿ ಅದರ ಬಂಧುಗಳು ಮೇಣಗಾಗದವನ್ನು ಪೆಟ್ಟಿಗೆಗಳೊಳಗಿಂದ ಹೊರದೂಡಿದವು. ತೇವವನ್ನು ತಡೆಯುವುದರಲ್ಲಿ ಪ್ಲಾಸ್ಟಿಕ್ಕು ಗಟ್ಟಿಗ. ಹರಿಯುವುದೂ ಕಡಮೆ. ಆದರೆ ಅದಕ್ಕೆ ಮಡಿಕೆಯ ನೆನಪಿಲ್ಲ! ನೀವು ಮಡಿಚುತ್ತೀರಿ, ಅದು ಬಿಚ್ಚಿಕೊಳ್ಳುತ್ತದೆ. ನಾನು ಮೊದಲಲ್ಲಿ ಹೇಳಿದ ಚೆಲ್ಲುವಿಕೆಯ ಬೇರು ಇದು. ಮೊದಲ ಮುಚ್ಚಿಗೆಗಾಗಿ ಆರಿಸಿದ ವಸ್ತು ಎರಡನೆಯ ಮುಚ್ಚಿಗೆಗೆ ಶತ್ರುವಾಯಿತು. ತೇವದ ಮಾತು ಸಣ್ಣದೇನೂ ಅಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರದ ಪೊಟ್ಟಣ ಕಟ್ಟುವುದಕ್ಕೇ ಬೇರೊಂದು ವಿಭಾಗವಿದೆ. ಗರಿಗರಿಯಾದ ಬಿಸ್ಕತ್ತು ನಮ್ಮ ಆಷಾಢದ ಗಾಳಿಗೆ ಎಷ್ಟು ಹೊತ್ತು ತಡೆದೀತು, ನೀವೇ ಹೇಳಿರಿ.

ಪರಿಹಾರ ಎಲ್ಲಿಂದ ಬಂತು? ಬಿಸ್ಕತ್ತಿನವರಿಂದಲ್ಲ. 1952ರಲ್ಲಿ ಫ್ಲಾಯ್ಡ್ ಪ್ಯಾಕ್ಸ್‌ಟನ್ ಎಂಬವರು ವಿಮಾನದಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರಂತೆ. ಉಳಿದ ಕಡಲೆಕಾಯಿಯ ಚೀಲವನ್ನು ಮುಚ್ಚಲು ಜೇಬಿನ ಚಾಕುವಿನಿಂದ ಪ್ಲಾಸ್ಟಿಕ್ಕಿನ ತುಣುಕೊಂದರಲ್ಲಿ ಕಚ್ಚು ಕೊರೆದರು. ಸೇಬಿನ ಚೀಲಕ್ಕೂ ಬ್ರೆಡ್ಡಿನ ಚೀಲಕ್ಕೂ ಸಿಕ್ಕಿಸುವ ಆ ಚಿಕ್ಕ ಹಲ್ಲೆ ಅದೇ. ಸುಮಾರು ಅದೇ ಕಾಲಕ್ಕೆ, 1951ರಲ್ಲಿ, ರುಮೇನಿಯದಿಂದ ನೆಲೆ ತಪ್ಪಿ ಬಂದಿದ್ದ ಆಸ್ನಿಟ್ ಮನೆತನದವರು ಡೆನ್ಮಾರ್ಕಿನ ಬೋರ್ಗೆ ಮ್ಯಾಡ್ಸನ್ ಕಲ್ಪಿಸಿದ್ದ ಪ್ಲಾಸ್ಟಿಕ್ ಜಿಪ್ಪಿನ ಹಕ್ಕನ್ನು ಕೊಂಡರು. ಅದಕ್ಕೆ ಉಡುಪಿನ ಜಿಪ್ಪಿನಂತೆ ಎಳೆಯುವ ಗುಂಡಿ ಇತ್ತು, ಬೆಲೆ ಹೆಚ್ಚು. ಗುಂಡಿ ತೆಗೆದು, ಬರಿಯ ಬೆರಳಿನಿಂದ ಒತ್ತಿದರೆ ಕೂಡುವಂತೆ ಮಾಡಿದರು. ಗ್ರಾಮಫೋನ್ ತಟ್ಟೆಗಳ ಕಂಪನಿಯೊಂದಕ್ಕೆ ಸ್ಟೀವನ್ ಆಸ್ನಿಟ್ ಇಂಥ ಚೀಲವನ್ನು ಒಯ್ದಾಗ ಅಲ್ಲಿನ ಅಧಿಕಾರಿ ತನ್ನ ಸಹಾಯಕಿಯನ್ನು ಕರೆದು, ತೆರೆಯಮ್ಮಾ ಎಂದು ಕೊಟ್ಟನಂತೆ. ಆಕೆ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಜಿಪ್ಪನ್ನೇ ಹರಿದು ತೆಗೆದಳು! ಜನಕ್ಕೆ ಒಡೆಯುವುದು ಗೊತ್ತಿತ್ತು, ತೆರೆಯುವುದು ಗೊತ್ತಿರಲಿಲ್ಲ. ನನ್ನ ಒಗಟಿನ ಉಳಿದರ್ಧ ಇದೇ ಇರಬಹುದು.

ಜಪಾನಿನ ಸೈಸಾನ್ ನಿಹೋನ್‌ಶಾ ಕಂಪನಿಯವರು ಚೀಲವನ್ನೂ ಜಿಪ್ಪನ್ನೂ ಬೇರೆ ಬೇರೆ ಮಾಡಿ ಬೆಸೆಯುವ ಬದಲು ಒಟ್ಟಿಗೇ ಹೊರಡಿಸುವ ಯುಕ್ತಿ ಕಂಡುಹಿಡಿದ ಮೇಲೆ ಬೆಲೆ ಇಳಿಯಿತು. 1968ರಲ್ಲಿ ಅಮೆರಿಕದ ಡೌ ಕಂಪನಿ ‘ಜಿಪ್‌ಲಾಕ್’ ಎಂಬ ಹೆಸರಿನಲ್ಲಿ ಅದನ್ನು ಮನೆಮನೆಗೆ ತಂದಿತು. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ಕಡೆ ಬಾಣದ ಮೊನೆಯಂಥ ಏಣು, ಇನ್ನೊಂದು ಕಡೆ ಕೊಕ್ಕೆತುಟಿಯ ಕಾಲುವೆ. ಏಣು ಕಾಲುವೆಯೊಳಕ್ಕೆ ಸಿಡಿದು ಕೂರುತ್ತದೆ. ಜಾಣತನವಿರುವುದು ಕೊಕ್ಕೆಗಳ ವಿನ್ಯಾಸದಲ್ಲಿ. ಹೊರಗಿನಿಂದ ನಿಮ್ಮ ಬೆರಳು ಎಳೆದರೆ ಸುಲಭವಾಗಿ ಬಿಡುವಂತೆಯೂ, ಒಳಗಿನ ಪದಾರ್ಥ ತಳ್ಳಿದರೆ ಬಿಗಿಯಾಗಿ ಹಿಡಿಯುವಂತೆಯೂ ಅವುಗಳನ್ನು ರೂಪಿಸಬಹುದು. ತಲೆಕೆಳಗಾದರೂ ಚೆಲ್ಲದಿರುವ ಗುಟ್ಟು ಅದು. ರಟ್ಟಿನ ಪೆಟ್ಟಿಗೆಗೆ ಸೀಳಿನೊಳಗೆ ನಾಲಗೆ ಸಿಕ್ಕಿಸುವ ಮುಚ್ಚಳವಿದ್ದರೂ, ಒಳಚೀಲ ಬಾಯ್ದೆರೆದಿರುವಾಗ ಅದು ಅಂಗಳದ ಗೇಟಷ್ಟೆ, ಮನೆಯ ಬಾಗಿಲಲ್ಲ. ಒಳಚೀಲವನ್ನು ಪೆಟ್ಟಿಗೆಯ ಗೋಡೆಗೆ ಅಲ್ಲಲ್ಲಿ ಅಂಟಿಸಿದರೆ ಎಷ್ಟೋ ಮೇಲು, ಸಂದೇ ಇಲ್ಲವಾಗುತ್ತದೆ. ಒಂದು ಮಾತಿನಲ್ಲಿ ಪೀಟರ್ಸನ ಜೋಡಿ ಮಡಿಕೆಗೇ ಹಿಂದಿರುಗಿದಂತೆ. ಜಿಪ್ಪಿಗೂ ಪದರಪದರದ ಹಾಳೆಗೂ ತೆರಬೇಕಾದ ಬೆಲೆಯೂ ಉಂಟು. ಬೇರೆ ಬೇರೆ ಜಾತಿಯ ಪದರಗಳು ಒಂದಾಗಿ ಅಂಟಿದ ಚೀಲವನ್ನು ಕರಗಿಸಿ ಮತ್ತೆ ಬಳಸುವುದು ಬಹಳ ಕಷ್ಟ. ನಮ್ಮೂರ ಚರಂಡಿಗಳೇ ಅದಕ್ಕೆ ಸಾಕ್ಷಿ.

ಇನ್ನು ಕಡೆಯ ಮೊಕದ್ದಮೆ. ಗ್ರೀನನ ಕಂಪನಿ ನಬಿಸ್ಕೋ ಎಂಬ ಹೆಸರಾಗಿ, ಕೈಯಿಂದ ಕೈಗೆ ಹೋಗಿ, ಕ್ರಾಫ್ಟ್ ಎಂಬ ದೊಡ್ಡ ಸಂಸ್ಥೆಯ ಸೊತ್ತಾಗಿತ್ತು. 2005ರಲ್ಲಿ ಕ್ರಾಫ್ಟಿಗೆ ಒಂದು ಪೇಟೆಂಟು ದೊರೆಯಿತು. ಬಿಸ್ಕತ್ತುಗಳು ಒಂದು ಗಟ್ಟಿ ತಟ್ಟೆಯಲ್ಲಿ ಸಾಲಾಗಿ ಕೂತಿರುತ್ತವೆ. ಅದರ ಸುತ್ತ ಹೊದಿಕೆ. ತುದಿಯನ್ನು ಹರಿಯದೆ, ಮೇಲ್ಭಾಗದಲ್ಲಿರುವ ಅಂಟುಪಟ್ಟಿಯನ್ನು ಹಿಂದಕ್ಕೆಳೆದು, ಬೇಕಾದಷ್ಟು ತೆಗೆದು, ಮತ್ತೆ ಒತ್ತಿ ಮುಚ್ಚುವುದು. ಪೊಟ್ಟಣ ಮಡಿಚುವ ಗೊಡವೆಯೇ ಇಲ್ಲ. ತಟ್ಟೆ ಇರುವುದರಿಂದ ಹೊದಿಕೆ ಕುಸಿಯುವುದೂ ಇಲ್ಲ. ಇಂಥದನ್ನೇ ಕೆಲಾಗ್ ಕಂಪನಿ ಬಳಸಿತೆಂದು ದಾವೆಯಾಯಿತು. ತಟ್ಟೆಯೂ ಹಿಂದೆಯೇ ತಿಳಿದಿತ್ತು, ಮತ್ತೆ ಅಂಟುವ ಪಟ್ಟಿಯೂ ಹಿಂದೆಯೇ ತಿಳಿದಿತ್ತು, ಎರಡನ್ನೂ ಕೂಡಿಸುವುದು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದು ಎಂದು ನ್ಯಾಯಾಲಯ ಆ ಪೇಟೆಂಟನ್ನು ತಳ್ಳಿಹಾಕಿತು. 2017ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ‘ನನಗೊಂದು ಬೇಕು’ ಎಂದವನ ಮೇಲೆ 1899ರಲ್ಲಿ ಗೆದ್ದವರ ವಾರಸುದಾರರು ಈ ಸಲ ಸೋತರು. ಅಷ್ಟು ಸಹಜವಾಗಿ ಹೊಳೆಯುವುದಾಗಿದ್ದರೆ ನೂರು ವರ್ಷ ಯಾರಿಗೂ ಏಕೆ ಹೊಳೆಯಲಿಲ್ಲ ಎಂದು ಸೋತವರ ಪರವಾಗಿ ನಾನೊಂದು ಪ್ರಶ್ನೆ ಕೇಳಬಹುದಾಗಿತ್ತು. ಆದರೆ ತೀರ್ಪಿನಿಂದ ಲಾಭವಾದುದು ನಿಮಗೂ ನನಗೂ. ಆ ಬಗೆಯ ಪೊಟ್ಟಣವನ್ನು ಈ ಪೇಟೆಂಟಿನ ಭಯವಿಲ್ಲದೆ ಯಾವ ಬಿಸ್ಕತ್ತಿನವರು ಬೇಕಾದರೂ ಮಾಡಬಹುದು.