ಡಿಸ್ಟ್ರಿಬ್ಯೂಟರ್ ಮತ್ತು ದಹನ ಸಮಯ

ಡಿಸ್ಟ್ರಿಬ್ಯೂಟರ್ (ವಿತರಕ) ಎಂಬುದು ಪೆಟ್ರೋಲ್ ಎಂಜಿನ್ನಿನ ದಹನ ವ್ಯವಸ್ಥೆಯ ಒಂದು ಭಾಗ. ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ನಿಗದಿತ ಕ್ರಮದಲ್ಲಿ, ನಿಗದಿತ ಕ್ಷಣದಲ್ಲಿ ಪ್ರತಿಯೊಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಇದು ತಲುಪಿಸುತ್ತದೆ. ಕಿಡಿ ಹಾರುವ ಆ ಕ್ಷಣಕ್ಕೆ ದಹನ ಸಮಯ (ಇಗ್ನಿಷನ್ ಟೈಮಿಂಗ್) ಎಂದು ಹೆಸರು. ಪಿಸ್ಟನ್ ಮೇಲ್ತುದಿ ತಲುಪಲು ಕ್ರ್ಯಾಂಕ್‌ಶಾಫ್ಟ್ ಇನ್ನೆಷ್ಟು ಡಿಗ್ರಿ ತಿರುಗಬೇಕಿದೆ ಎಂಬುದರ ಮೇಲೆ ಇದನ್ನು ಅಳೆಯಲಾಗುತ್ತದೆ. ಹಳೆಯ ಕಾರುಗಳ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಮರುಜೋಡಿಸಿದಾಗಲೆಲ್ಲ ದಹನ ಸಮಯವನ್ನು ಪುನಃ ಹೊಂದಿಸಬೇಕಾಗುತ್ತದೆ.

ಇತಿಹಾಸ

ಬ್ಯಾಟರಿ, ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರನ್ನು ಒಳಗೊಂಡ ದಹನ ವ್ಯವಸ್ಥೆಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅಭಿವೃದ್ಧಿಪಡಿಸಿದರು. ಇದು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅನಂತರ ಹಲವು ದಶಕಗಳ ಕಾಲ ಪೆಟ್ರೋಲ್ ಕಾರುಗಳಲ್ಲಿ ಇದೇ ವಿಧಾನ ಪ್ರಚಲಿತವಾಗಿತ್ತು. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ನಿಯಂತ್ರಿತ ಕಾಯಿಲ್‌ಗಳು ಇದರ ಸ್ಥಾನವನ್ನು ಪಡೆದಿವೆ.

ರಚನೆ ಮತ್ತು ಕಾರ್ಯ

ಡಿಸ್ಟ್ರಿಬ್ಯೂಟರಿನ ದಂಡವನ್ನು ಸಾಮಾನ್ಯವಾಗಿ ಕ್ಯಾಮ್‌ಶಾಫ್ಟ್ ತಿರುಗಿಸುತ್ತದೆ. ದಂಡದ ಮೇಲಿನ ಕ್ಯಾಮ್ ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ತೆರೆದೊಡನೆ ಕಾಯಿಲ್‌ನ ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ ಕಡಿದುಹೋಗುತ್ತದೆ; ಆಗ ದ್ವಿತೀಯ ಸುರುಳಿಯಲ್ಲಿ ಸಾವಿರಾರು ವೋಲ್ಟ್‌ಗಳ ಒತ್ತಡ ಉಂಟಾಗುತ್ತದೆ. ಅದು ಕ್ಯಾಪಿನ ನಡುವಿನಿಂದ ರೋಟರಿಗೆ, ರೋಟರಿನಿಂದ ಆಯಾ ಪ್ಲಗ್ಗಿನ ತಂತಿಗೆ ಹರಿಯುತ್ತದೆ. ಪಾಯಿಂಟ್‌ಗಳ ನಡುವೆ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಂಡೆನ್ಸರ್ ತಡೆಯುತ್ತದೆ.

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಒಮ್ಮೆ ಮಾತ್ರ ಕಿಡಿ ಬೇಕು. ಆದ್ದರಿಂದ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಡಿಸ್ಟ್ರಿಬ್ಯೂಟರಿನ ಕವಚವನ್ನು 1 ಡಿಗ್ರಿ ತಿರುಗಿಸಿದರೆ ದಹನ ಸಮಯವು ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ 2 ಡಿಗ್ರಿ ಬದಲಾಗುತ್ತದೆ.

ದಹನ ಸಮಯದ ಮಹತ್ವ

ಇಂಧನ ಮಿಶ್ರಣ ಕ್ಷಣಮಾತ್ರದಲ್ಲಿ ಉರಿದು ಮುಗಿಯುವುದಿಲ್ಲ. ಆದ್ದರಿಂದ ಪಿಸ್ಟನ್ ಮೇಲ್ತುದಿ ತಲುಪುವ ಮೊದಲೇ ಕಿಡಿ ಹಾರಬೇಕು. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಕ್ರ್ಯಾಂಕ್‌ಶಾಫ್ಟ್ ಒಂದು ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ತಿರುಗುತ್ತದೆ. 800 ಸುತ್ತುಗಳಲ್ಲಿ ಇದು 5 ಡಿಗ್ರಿಗಿಂತ ಕಡಿಮೆ. ವೇಗ ಹೆಚ್ಚಿದಂತೆ ಕಿಡಿಯನ್ನು ಇನ್ನಷ್ಟು ಮುಂಚಿತಗೊಳಿಸಲು ಡಿಸ್ಟ್ರಿಬ್ಯೂಟರಿನೊಳಗೆ ಸ್ಪ್ರಿಂಗ್ ಹಾಗೂ ತೂಕಗಳ ಕೇಂದ್ರಾಪಗಾಮಿ ವ್ಯವಸ್ಥೆ ಇರುತ್ತದೆ. ಎಂಜಿನ್ನಿನ ಮೇಲಿನ ಭಾರ ಕಡಿಮೆಯಿದ್ದಾಗ ನಿರ್ವಾತ ಚಾಲಿತ ಘಟಕವೂ ಇದೇ ಕೆಲಸ ಮಾಡುತ್ತದೆ.

ಕಿಡಿ ಅತಿ ಬೇಗ ಹಾರಿದರೆ ಮಿಶ್ರಣದ ಉಳಿದ ಭಾಗ ತಾನಾಗಿಯೇ ಸಿಡಿದು ಟಣಟಣ ಸದ್ದು ಕೇಳಿಸುತ್ತದೆ. ಇದು ಮುಂದುವರಿದರೆ ಪಿಸ್ಟನ್ ಹಾನಿಗೊಳ್ಳಬಹುದು. ಕಿಡಿ ತಡವಾದರೆ ಶಕ್ತಿ ಕುಂದುತ್ತದೆ, ಇಂಧನ ವ್ಯರ್ಥವಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ.

ಮರುಜೋಡಣೆ

ಇಂಗ್ಲೆಂಡಿನ ಎಂಜಿಬಿ (1962–1980) ಕಾರಿನ 1798 ಸಿಸಿ ಬಿ-ಸರಣಿ ಎಂಜಿನ್ ಇದಕ್ಕೆ ಉತ್ತಮ ಉದಾಹರಣೆ. ಇದರ ದಹನ ಕ್ರಮ 1-3-4-2. ರೋಟರ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ರೇಡಿಯೇಟರಿಗೆ ಹತ್ತಿರವಿರುವುದು 1ನೇ ಸಿಲಿಂಡರ್.

ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ರೋಟರ್ ನೋಡುತ್ತಿರುವ ದಿಕ್ಕನ್ನೂ ಕವಚದ ಸ್ಥಾನವನ್ನೂ ಗುರುತು ಮಾಡಿಕೊಳ್ಳಬೇಕು. ಎಂಜಿನ್ ಅಲುಗದಿದ್ದರೆ ಅದೇ ಗುರುತಿಗೆ ಮತ್ತೆ ಕೂರಿಸಬಹುದು. ಗುರುತು ತಪ್ಪಿದ್ದರೆ ಕ್ರಮ ಹೀಗಿದೆ:

1. 1ನೇ ಸಿಲಿಂಡರಿನ ಪ್ಲಗ್ ತೆಗೆದು, ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ಹೆಬ್ಬೆರಳನ್ನು ಗಾಳಿ ತಳ್ಳಿದರೆ ಅದು ಸಂಪೀಡನ ಸ್ಟ್ರೋಕ್.
2. ಪುಲ್ಲಿಯ ಮೇಲಿನ ಕಚ್ಚನ್ನು ಟೈಮಿಂಗ್ ಕವಚದ ಸೂಕ್ತ ಸೂಚಿಗೆ ಹೊಂದಿಸಬೇಕು.
3. ಡಿಸ್ಟ್ರಿಬ್ಯೂಟರನ್ನು ಇಳಿಸಿ, ದಂಡದ ತುದಿ ಚಾಲಕ ಕಿಂಡಿಯೊಳಗೆ ಕೂರುವವರೆಗೆ ರೋಟರನ್ನು ತಿರುಗಿಸಬೇಕು.
4. ರೋಟರ್ ನೋಡುತ್ತಿರುವ ಕ್ಯಾಪಿನ ತುದಿಗೆ 1ನೇ ಪ್ಲಗ್ಗಿನ ತಂತಿಯನ್ನೂ ಅಲ್ಲಿಂದ ಅಪ್ರದಕ್ಷಿಣವಾಗಿ 3, 4, 2ರ ತಂತಿಗಳನ್ನೂ ಜೋಡಿಸಬೇಕು.

ಪುಲ್ಲಿಯ ಗುರುತೊಂದನ್ನೇ ನಂಬುವಂತಿಲ್ಲ. 1ನೇ ಪಿಸ್ಟನ್ ಎರಡು ಸುತ್ತುಗಳಲ್ಲಿ ಎರಡು ಬಾರಿ ಮೇಲ್ತುದಿಗೆ ಬರುತ್ತದೆ: ಒಮ್ಮೆ ಸಂಪೀಡನದ ಕೊನೆಗೆ, ಇನ್ನೊಮ್ಮೆ ಹೊಗೆ ಹೊರಹೋಗುವ ಸ್ಟ್ರೋಕಿನ ಕೊನೆಗೆ. ಎರಡೂ ಸಲ ಗುರುತು ಒಂದೇ ಕಡೆ ನಿಲ್ಲುತ್ತದೆ. ಸಂಪೀಡನದ ಸಲ 1ನೇ ಸಿಲಿಂಡರಿನ ಎರಡೂ ಕವಾಟಗಳು ಮುಚ್ಚಿರುತ್ತವೆ. ಇದನ್ನು ಗಮನಿಸದಿದ್ದರೆ ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಿರುವುಮುರುವಾಗಿ, ಎಂಜಿನ್ ಚಾಲೂ ಆಗದೆ ಕಾರ್ಬ್ಯುರೇಟರಿನಲ್ಲಿ ಅಥವಾ ಹೊಗೆ ಕೊಳವೆಯಲ್ಲಿ ಸಿಡಿಯುತ್ತದೆ. ಬಿ-ಸರಣಿಯಲ್ಲಿ ದಂಡದ ತುದಿಯೂ ಕಿಂಡಿಯೂ ನಡುಬಿಂದುವಿನಿಂದ ಸರಿದಿರುವುದರಿಂದ ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಕೂರುತ್ತದೆ. ಆದರೆ ಚಾಲಕ ಗೇರನ್ನೇ ಹೊರತೆಗೆದಿದ್ದರೆ ಈ ರಕ್ಷಣೆ ಇರುವುದಿಲ್ಲ.

ಸಮಯ ಹೊಂದಿಸುವಿಕೆ

ಮೊದಲು ಪಾಯಿಂಟ್‌ಗಳ ಅಂತರವನ್ನು ಸರಿಪಡಿಸಬೇಕು. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ದಹನ ಸಮಯವೂ ಮುಂದಾಗುತ್ತದೆ. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿಗೆ ಈ ಅಂತರ 0.35–0.40 ಮಿ.ಮೀ.

ಸ್ಥಿರ ವಿಧಾನದಲ್ಲಿ ಎಂಜಿನ್ನನ್ನು ನಿಗದಿತ ಕೋನದಲ್ಲಿ ನಿಲ್ಲಿಸಲಾಗುತ್ತದೆ. ಆರಂಭದ ಅಧಿಕ ಸಂಪೀಡನದ ಎಂಜಿಬಿಗೆ ಇದು ಮೇಲ್ತುದಿಗೆ 10 ಡಿಗ್ರಿ ಮೊದಲು. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಡಿಸ್ಟ್ರಿಬ್ಯೂಟರಿನ ಕಡಿಮೆ ವೋಲ್ಟೇಜಿನ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ 12 ವೋಲ್ಟಿನ ಬಲ್ಬ್ ಹಾಕಿ, ಕೀ ತಿರುಗಿಸಿ, ಬಲ್ಬ್ ಹೊತ್ತಿಕೊಳ್ಳುವ ಬಿಂದುವಿನಲ್ಲಿ ಕವಚವನ್ನು ಬಿಗಿಗೊಳಿಸಬೇಕು. ಪಾಯಿಂಟ್ ತೆರೆದ ಕ್ಷಣವೇ ಬಲ್ಬ್ ಹೊತ್ತುವ ಕ್ಷಣ. ಕವಚವನ್ನು ರೋಟರಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಕಿಡಿ ಮುಂಚಿತವಾಗುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ತಡವಾಗುತ್ತದೆ. ಪಾಯಿಂಟ್ ಮುಚ್ಚಿರುವಾಗ ಕೀಯನ್ನು ಬಹಳ ಹೊತ್ತು ಹಾಗೆಯೇ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ಸ್ಟ್ರೋಬ್ ದೀಪದ ವಿಧಾನ ಇನ್ನೂ ನಿಖರವಾದುದು. 1ನೇ ಪ್ಲಗ್ಗಿನ ಕಿಡಿಯೊಂದಿಗೆ ದೀಪ ಮಿನುಗುವುದರಿಂದ ತಿರುಗುವ ಪುಲ್ಲಿಯ ಗುರುತು ನಿಂತಂತೆ ಕಾಣುತ್ತದೆ. ನಿರ್ವಾತ ಕೊಳವೆಯನ್ನು ತೆಗೆದು, ಕೈಪಿಡಿ ಸೂಚಿಸಿದ ವೇಗದಲ್ಲಿ ಪರೀಕ್ಷಿಸುವುದು ರೂಢಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಬಟ್ಟೆ, ತಂತಿಗಳನ್ನು ದೂರವಿಡುವುದು ಅಗತ್ಯ.

ಭಾರತದಲ್ಲಿ

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯ ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಬಿ-ಸರಣಿಗೆ ಸೇರಿದುದು. ಈ ಕಾರಿನ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಮರುಜೋಡಣೆಯ ಮೇಲಿನ ತತ್ವ ಅದಕ್ಕೂ ಅನ್ವಯಿಸುತ್ತದೆ. ಡಿಗ್ರಿಯ ಅಂಕಿಗಳನ್ನು ಮಾತ್ರ ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ಪಡೆಯಬೇಕು.