ನಕಲು ತೆಗೆದವರ ಚರಿತ್ರೆ

ಓಲೆಗರಿ ಪ್ರತಿ ಮಾಡುವ ಲಿಪಿಕಾರನ ಕಣ್ಣು ಒಂದೇ ಬಗೆಯ ಎರಡು ಪದಗಳ ನಡುವೆ ಜಾರಿದರೆ ನಡುವಿನ ಸಾಲು ಬಿಟ್ಟುಹೋಗುತ್ತದೆ. ಆಮೇಲೆ ಆ ಪ್ರತಿಯಿಂದ ಹುಟ್ಟುವ ಯಾವ ಪ್ರತಿಯಲ್ಲೂ ಆ ಸಾಲು ಸಿಗುವುದಿಲ್ಲ. ಗ್ರಂಥಸಂಪಾದನೆ ಓದಿದವರಿಗೆ ಇದು ಹೊಸದಲ್ಲ. ಕೈತಪ್ಪಿನ ಇಂಥದೇ ಜಾಡನ್ನು 2004ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಹಿಡಿದರು. ಅವರು ಹುಡುಕಿದ್ದು ಕಾವ್ಯದಲ್ಲಲ್ಲ, ಲಿನಕ್ಸ್ ಕರ್ನೆಲ್‌ನಲ್ಲಿ.

ಕರ್ನೆಲ್ ಎಂದರೆ ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಪ್ರೊಸೆಸರ್, ಡಿಸ್ಕ್‌ಗಳನ್ನು ಹಂಚಿಕೊಡುವ ತಿರುಳು. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸೇ. ಸಂಶೋಧಕರು ಕಟ್ಟಿದ ಸಿಪಿ-ಮೈನರ್ ಎಂಬ ಉಪಕರಣ 20 ನಿಮಿಷದೊಳಗೆ ಅದರಲ್ಲಿ 1,90,000 ನಕಲು ತುಣುಕುಗಳನ್ನು ಹೆಕ್ಕಿತು. ನಕಲಿನಿಂದಲೇ ಹುಟ್ಟಿದ 28 ದೋಷಗಳು ಸಿಕ್ಕವು. ಅವುಗಳಲ್ಲಿ ಒಂದು ನನಗೆ ಬಹಳ ಇಷ್ಟ. ಸ್ಪಾರ್ಕ್ ಎಂಬ ಪ್ರೊಸೆಸರಿಗೆ ಬರೆದ ಭಾಗದಲ್ಲಿ ಮೆಮೊರಿಯ ಪಟ್ಟಿ ತುಂಬುವ ಒಂದು ಲೂಪ್ ಇತ್ತು. ಅದನ್ನು ನಕಲಿಸಿ ಕೆಳಗೆ ಅಂಟಿಸಿ, ಪಟ್ಟಿಯ ಹೆಸರನ್ನು ಬದಲಿಸುತ್ತ ಹೋಗಿ, ಒಂದು ಕಡೆ ಮಾತ್ರ ಹಳೆಯ ಹೆಸರು ಉಳಿದುಬಿಟ್ಟಿತ್ತು. ಹೊಸ ಪಟ್ಟಿಯ ಕೊಂಡಿ ಹಳೆಯ ಪಟ್ಟಿಗೆ ಹೋಗಿ ಸೇರುತ್ತಿತ್ತು. ಎರಡೂ ಹೆಸರು ಸರಿಯಾದವೇ ಆದ್ದರಿಂದ ಕಂಪೈಲರ್ ತಕರಾರು ಮಾಡಲಿಲ್ಲ. ಲಿಪಿಕಾರನ ಕಣ್ಣು ಜಾರುವುದೂ ಹೀಗೆಯೇ.

ಆದರೆ ನಕಲೆಲ್ಲ ಕಣ್ತಪ್ಪಲ್ಲ, ಸೋಮಾರಿತನವೂ ಅಲ್ಲ. ದೊಡ್ಡ ನಕಲುಗಳ ಹಿಂದೆ ಒಂದು ನ್ಯಾಯವಾದ ಭಯ ಇರುತ್ತದೆ, ಓಡುತ್ತಿರುವುದನ್ನು ಕೆಡಿಸಬಾರದೆಂಬ ಭಯ. 2000ರ ದಶಕದ ಆರಂಭದಲ್ಲಿ ಎಎಂಡಿ ಕಂಪನಿಯ 64 ಬಿಟ್ ಪ್ರೊಸೆಸರಿಗೆ ಲಿನಕ್ಸನ್ನು ಒಗ್ಗಿಸುವಾಗ ಹಾಗೇ ಆಯಿತು. 32 ಬಿಟ್ ಕೋಡಿನಲ್ಲಿ ಹತ್ತು ವರ್ಷದ ಹಳೆಯ ಯಂತ್ರಗಳ ರಗಳೆಯೆಲ್ಲ ತುಂಬಿಕೊಂಡಿತ್ತು. ಅದನ್ನು ಮುಟ್ಟದೆ ಪಕ್ಕದಲ್ಲೇ ಬೇರೆ ಕೋಶ ತೆರೆದು, ಬೇಕಾದ್ದನ್ನು ಅಲ್ಲಿಗೆ ನಕಲಿಸಿಕೊಂಡರು. ನಮ್ಮ ಹಾರನಹಳ್ಳಿ ಕಡೆ ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಮನೆಯ ನಡುವೆ ಗೋಡೆ ಏಳುತ್ತದಲ್ಲ, ಹಾಗೆ. ಎಬ್ಬಿಸಲು ಎರಡು ದಿನ ಸಾಕು. ಕೆಡವಬೇಕೆಂದರೆ ಪಂಚಾಯಿತಿ ಸೇರಬೇಕು.

ಪಂಚಾಯಿತಿ 2007ರ ಜುಲೈನಲ್ಲಿ ಸೇರಿತು. ಒಂದು ಕಡೆ ಸರಿಪಡಿಸಿದ ದೋಷ ಇನ್ನೊಂದು ಕಡೆ ಹಾಗೇ ಉಳಿಯುತ್ತಿದೆ, ಎರಡನ್ನೂ ಒಂದು ಮಾಡೋಣ ಎಂದು ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೋಲ್ನಾರ್ ಮುಂದೆ ಬಂದರು. 64 ಬಿಟ್ ಭಾಗವನ್ನು ನೋಡಿಕೊಳ್ಳುತ್ತಿದ್ದ ಆಂಡಿ ಕ್ಲೀನ್ ಒಪ್ಪಲಿಲ್ಲ. ಹಳೆಯ ಕಸ ಶುಚಿಯಾದ ಮನೆಗೆ ಬೇಡ ಎಂಬುದು ಅವರ ವಾದ. ಅದರಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಕೊನೆಗೆ ಗೆದ್ದದ್ದು ಒಂದುಗೂಡಿಸುವ ಪಕ್ಷ, ಮತ್ತು ಅವರು ಹಿಡಿದ ದಾರಿ ಸಂಪಾದಕರದೇ. ಮೊದಲು ಕೋಡಿನ ನಡತೆಯನ್ನು ಬದಲಿಸದೆ ಎರಡೂ ಕೋಶದ ಕಡತಗಳನ್ನು ಒಂದೇ ಕೋಶಕ್ಕೆ ತಂದರು. ಒಂದೇ ಹೆಸರಿನ ಕಡತಗಳಿಗೆ 32, 64 ಎಂದು ಬಾಲ ಹಚ್ಚಿದರು. ಪಾಠಾಂತರಗಳನ್ನು ಅಕ್ಕಪಕ್ಕ ಇಟ್ಟ ಹಾಗಾಯಿತು. ಒಂದೊಂದೇ ಜೋಡಿಯನ್ನು ಹೋಲಿಸಿ ಬೆಸೆಯುವುದು ಆಮೇಲಿನ ಕೆಲಸ. 2008ರ ಜನವರಿಯಲ್ಲಿ ಬಂದ 2.6.24ರಲ್ಲಿ ಹೊಸ ಕೋಶ ಕಾಣಿಸಿಕೊಂಡಿತು. ಬೆಸುಗೆ ಮಾತ್ರ ವರ್ಷಗಟ್ಟಲೆ ನಡೆಯಿತು.

ಇದಕ್ಕಿಂತ ದೊಡ್ಡ ರಾದ್ಧಾಂತ ಮೊಬೈಲ್ ಫೋನಿನ ಕಡೆಯಿಂದ ಬಂತು, ಮತ್ತು ಅದಕ್ಕೆ ಬೆಂಗಳೂರಿನ ನಂಟಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಕಂಪನಿ. ನೋಕಿಯಾ ಎನ್900 ಫೋನಿನಲ್ಲಿ, ವಿದ್ಯಾರ್ಥಿಗಳ ಪ್ರೀತಿಯ ಬೀಗಲ್‌ಬೋರ್ಡಿನಲ್ಲಿ ಇದ್ದದ್ದು ಅದರ ಓಮ್ಯಾಪ್ ಚಿಪ್. ಅದಕ್ಕೆ ಕರ್ನೆಲ್ ಕೋಡ್ ಬರೆದವರಲ್ಲಿ ಬೆಂಗಳೂರು ಕಚೇರಿಯ ಎಂಜಿನಿಯರುಗಳೂ ಇದ್ದರು. ಆರ್ಮ್ ಎಂಬ ಒಂದೇ ವಿನ್ಯಾಸದ ಮೇಲೆ ಹತ್ತಾರು ಕಂಪನಿಗಳು ಚಿಪ್ ಮಾಡುತ್ತಿದ್ದವು, ಒಬ್ಬೊಬ್ಬರಿಗೂ ಕರ್ನೆಲ್‌ನಲ್ಲಿ ಒಂದೊಂದು ಕೋಶ. ಚಿಪ್ಪಿನ ಗಡಿಯಾರ ಸಂಕೇತವನ್ನು ವಿವರಿಸುವ ಒಂದೇ ರಚನೆಗೆ ಸುಮಾರು 20 ಬೇರೆ ಬೇರೆ ವ್ಯಾಖ್ಯೆಗಳಿದ್ದವು. ಸಾಲದ್ದಕ್ಕೆ ಪ್ರತಿ ಬೋರ್ಡಿಗೂ, ಯಾವ ತಂತಿ ಎಲ್ಲಿಗೆ ಎಂದು ಹೇಳುವ ಬೇರೆ ಕಡತ. ಫೋನು ಮಾರುಕಟ್ಟೆಗೆ ಬರುವ ದಿನ ನಿಗದಿಯಾಗಿರುವಾಗ ಹಳೆಯ ಬೋರ್ಡಿನ ಕಡತ ನಕಲಿಸಿ ತಿದ್ದುವುದು ಸುಲಭ. ಸಾಮಾನ್ಯ ಚೌಕಟ್ಟು ಕಟ್ಟಲು ಪೈಪೋಟಿಯ ಕಂಪನಿಗಳವರ ಜೊತೆ ಕೂತು ತಿಂಗಳುಗಟ್ಟಲೆ ಮಾತಾಡಬೇಕು. ಅದಕ್ಕೆ ಸಂಬಳ ಕೊಡುವವರು ಯಾರು?

2011ರ ಮಾರ್ಚ್‌ನಲ್ಲಿ ಓಮ್ಯಾಪ್ ಕೋಡಿನ ಹೊಸ ಕಂತು ಬಂದಾಗ ಲೈನಸ್ ಟೊರ್ವಾಲ್ಡ್ಸ್ ಸಿಡಿದೆದ್ದರು. ಭಾಷೆ ಇಲ್ಲಿ ಬರೆಯುವಂಥದ್ದಲ್ಲ. ಆ ಬೈಗುಳದ ಫಲವಾಗಿ ಆರ್ಮ್ ಚಿಪ್‌ಗಳ ಕೋಡನ್ನು ಒಟ್ಟಿಗೆ ಪರಿಶೀಲಿಸಲು ಆರ್ನ್ಡ್ ಬರ್ಗ್‌ಮನ್ ಮೊದಲಾದವರ ತಂಡ ನಿಂತಿತು. ಬೋರ್ಡಿನ ವಿವರ ಕೋಡಿನಿಂದ ಹೊರಬಂದು ಡಿವೈಸ್ ಟ್ರೀ ಎಂಬ ವಿವರಣಾ ಕಡತಕ್ಕೆ ಹೋಯಿತು. ಗಡಿಯಾರಗಳಿಗೆ ಸಾಮಾನ್ಯ ಚೌಕಟ್ಟು 2012ರ 3.4ರಲ್ಲಿ ಬಂತು. ಅದೇ ಡಿಸೆಂಬರಿನ 3.7ರಿಂದ ಬೇರೆ ಬೇರೆ ಕಂಪನಿಗಳ ಚಿಪ್‌ಗಳಿಗೆ ಒಂದೇ ಕರ್ನೆಲ್ ಓಡುವುದು ಸಾಧ್ಯವಾಯಿತು. ಮೊದಲ ಬೀಗಲ್‌ಬೋರ್ಡಿಗೆ ಇದ್ದ ಕಡತ ಮುಂದಿನ ವರ್ಷಗಳಲ್ಲಿ ಅಳಿಯಿತು. ಅದರ ತಮ್ಮ ಬೀಗಲ್‌ಬೋನಿಗೆ ಮುಖ್ಯ ಕರ್ನೆಲ್‌ನಲ್ಲಿ ಅಂಥ ಕಡತ ಇರಲೇ ಇಲ್ಲ. ಎಷ್ಟು ಸಾಲು ಬರೆದೆ ಎಂಬುದಕ್ಕಿಂತ ಎಷ್ಟು ಸಾಲು ತೆಗೆದೆ ಎಂಬುದಕ್ಕೆ ಬೆಲೆ ಬಂದ ಕಾಲ ಅದು. ತಾವೇ ಬರೆದದ್ದನ್ನು ತಾವೇ ಅಳಿಸುವ ಕೆಲಸವನ್ನು ಸಾಹಿತ್ಯದ ಯಾವ ಲಿಪಿಕಾರನೂ ಮಾಡಿದಂತಿಲ್ಲ.

ಹೀಗೆ ಅಳಿಸಿದ್ದು ಪೂರ್ತಿ ಹೋಗುವುದಿಲ್ಲ. ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಆ ಬೀಗಲ್‌ಬೋರ್ಡ್ ಕಡತದ ಪ್ರತಿ ಸಾಲೂ ಬರೆದವರ ಹೆಸರು, ದಿನಾಂಕ, ಅಳಿಸಿದವರ ಹೆಸರಿನ ಸಮೇತ ಇವತ್ತಿಗೂ ಸಿಗುತ್ತದೆ. ಆದರೆ ಸ್ಪಾರ್ಕ್‌ನ ಆ ಲೂಪನ್ನು ನಕಲಿಸಿದವರು ಯಾರೆಂದು ಕೇಳಿದರೆ ಮುಖ್ಯ ಗಿಟ್ ಭಂಡಾರ ಬಾಯಿ ಬಿಡುವುದಿಲ್ಲ. ಅದರ ನೆನಪು 2005ರ ಏಪ್ರಿಲ್ 16ಕ್ಕೆ ಶುರುವಾಗುತ್ತದೆ. ಅದಕ್ಕೂ ಹಿಂದಿನ ಲಕ್ಷಾಂತರ ಸಾಲುಗಳ ಎದುರು ಕಾಣುವುದು ಆ ಒಂದೇ ದಿನಾಂಕ, ಒಂದೇ ಹೆಸರು, ಲೈನಸ್ ಟೊರ್ವಾಲ್ಡ್ಸ್.