ಹದಿನೆಂಟು ಹದಿನಾರಾದ ಬಗೆ

ನಮ್ಮ ಪಾಠದಲ್ಲಿ ಇಂಡೋನೇಷ್ಯಾ ಎಂದರೆ ಸುಕಾರ್ನೋ, 1955ರ ಬಾಂಡುಂಗ್ ಸಮ್ಮೇಳನ, ಅಷ್ಟೇ. "ಆಮೇಲೆ ಏನಾಯ್ತು ಮಿಸ್?" ಎಂದು ಒಬ್ಬಳು ಕೇಳಿದ್ದರಿಂದ ನಾನೂ ಓದಬೇಕಾಯಿತು. ಓದುತ್ತ ಹೋಗಿ ಒಂದು ಮದುವೆ ಕಾನೂನಿನ ಬಳಿ ನಿಂತುಬಿಟ್ಟೆ.

ಆಮೇಲೆ ಬಂದವರು ಜನರಲ್ ಸುಹಾರ್ತೋ. ಅವರ ಆಳ್ವಿಕೆಯಲ್ಲಿ ಚುನಾವಣೆಯೂ ಇತ್ತು, ಸಂಸತ್ತೂ ಇತ್ತು. ಗೆಲ್ಲುವವರು ಯಾರೆಂಬುದು ಮಾತ್ರ ಮೊದಲೇ ಗೊತ್ತಿರುತ್ತಿತ್ತು. 1971ರಲ್ಲಿ ಸರ್ಕಾರದ ಗೋಲ್ಕರ್‌ಗೆ 236 ಸ್ಥಾನ ಬಂದರೆ ನಾಲ್ಕು ಇಸ್ಲಾಮೀ ಪಕ್ಷಗಳಿಗೆ ಸೇರಿ 94. ಸಾಲದೆಂಬಂತೆ ನೇಮಕಗೊಂಡ ನೂರು ಸದಸ್ಯರು, ಅವರಲ್ಲಿ ಹೆಚ್ಚಿನವರು ಸೈನಿಕರು. 1973ರ ಜನವರಿಯಲ್ಲಿ ಆ ನಾಲ್ಕು ಪಕ್ಷಗಳನ್ನೂ ಒತ್ತಾಯದಿಂದ ಒಂದಾಗಿಸಿದರು. ಹೊಸ ಪಕ್ಷದ ಹೆಸರಿನಲ್ಲಿ ಇಸ್ಲಾಂ ಎಂಬ ಪದವೇ ಇರಲಿಲ್ಲ.

ಅದೇ ವರ್ಷ ಸರ್ಕಾರ ಮದುವೆಯ ಮಸೂದೆ ತಂದಿತು. ಹೆಣ್ಣಿಗೆ 18, ಗಂಡಿಗೆ 21. ಎರಡನೆಯ ಮದುವೆಗೆ ನ್ಯಾಯಾಲಯದ ಅನುಮತಿ. ಬಾಯಿಮಾತಿನ ತಲಾಖ್ ಸಲ್ಲದು. ಇಂಥ ಕಾನೂನಿಗಾಗಿ ಅಲ್ಲಿನ ಹೆಂಗಸರು ಬಹಳ ಕಾಲ ಕಾದಿದ್ದರು. 1928ರ ಡಿಸೆಂಬರ್ 22ರಂದು ಯೋಗ್ಯಕರ್ತದಲ್ಲಿ ಸೇರಿದ ಮೊದಲ ಮಹಿಳಾ ಸಮ್ಮೇಳನದಲ್ಲೇ ಮದುವೆಯ ಕಷ್ಟಗಳ ಮಾತು ಎದ್ದಿತ್ತು. ಆ ದಿನವನ್ನು ಅಲ್ಲಿ ಈಗಲೂ ತಾಯಂದಿರ ದಿನವಾಗಿ ಆಚರಿಸುತ್ತಾರೆ.

ಧಾರ್ಮಿಕ ಮುಖಂಡರು ಸಿಟ್ಟಾದರು. ತಮ್ಮನ್ನು ಕೇಳದೆ, ಧಾರ್ಮಿಕ ನ್ಯಾಯಾಲಯಗಳ ಅಧಿಕಾರ ಕಿತ್ತು, ಅನ್ಯಧರ್ಮೀಯರೊಡನೆ ಮದುವೆಗೂ ದಾರಿ ಮಾಡುವ ಮಸೂದೆ ಇದೆಂಬುದು ಅವರ ದೂರು. ನಿಜ ಹೇಳಬೇಕೆಂದರೆ ನನಗೂ ಇಲ್ಲಿ ಇಕ್ಕಟ್ಟಾಯಿತು. ಮಸೂದೆ ನನಗೆ ಹಿಡಿಸಿತು, ತಂದವರು ಹಿಡಿಸಲಿಲ್ಲ. ಬಂದೂಕಿನ ಸರ್ಕಾರ ಯಾರನ್ನೂ ಕೇಳದೆ ನಮ್ಮ ಅಡುಗೆಮನೆಯವರೆಗೆ ಬಂದರೆ ನಾವು ಸುಮ್ಮನಿರುತ್ತೇವೆಯೇ?

ಸೆಪ್ಟೆಂಬರ್ 27ರಂದು ಮುಸ್ಲಿಂ ಯುವಕರು ಸಭಾಂಗಣಕ್ಕೇ ನುಗ್ಗಿ ಕುಳಿತರು, ಕಲಾಪ ನಿಂತಿತು. ಮತದಿಂದ ಎಂದೂ ಗೆಲ್ಲಲಾಗದ ಪಕ್ಷಕ್ಕೆ ಆಗ ಬೆಲೆ ಬಂತು. ಜನರಲ್ ಸುಮಿತ್ರೋ ಮುಖಂಡರೊಡನೆ ಮಾತಿಗೆ ಕುಳಿತರು. ಕಾನೂನು ರೂಪುಗೊಂಡದ್ದು ಸಂಸತ್ತಿನ ಹೊರಗೆ.

1974ರ ಜನವರಿ 2ರಂದು ಅದು ಜಾರಿಯಾಯಿತು. ಅವರವರ ಧರ್ಮದಂತೆ ನಡೆದದ್ದೇ ಮದುವೆ, ಧಾರ್ಮಿಕ ನ್ಯಾಯಾಲಯಗಳೂ ಉಳಿದವು. ಹೆಂಗಸರಿಗೂ ಸಿಕ್ಕಿತೆನ್ನಿ: ಮದುಮಗಳ ಒಪ್ಪಿಗೆ ಬೇಕು, ವಿಚ್ಛೇದನ ನ್ಯಾಯಾಲಯದಲ್ಲೇ ಆಗಬೇಕು. ಎರಡನೆಯ ಮದುವೆಗೆ ಕಾರಣ ತೋರಿಸಬೇಕು, ಆದರೆ ಆ ಕಾರಣಗಳಲ್ಲಿ ಹೆಂಡತಿಗೆ ಮಕ್ಕಳಾಗದಿರುವುದೂ ಒಂದು! ಹುಡುಗಿಯ ವಯಸ್ಸು ಮಾತ್ರ ಈ ಚೌಕಾಸಿಯಲ್ಲಿ 18ರಿಂದ 16ಕ್ಕೆ ಇಳಿದಿತ್ತು.

1998ರಲ್ಲಿ ಸುಹಾರ್ತೋ ಇಳಿದರು. ನಿಜವಾದ ಚುನಾವಣೆಗಳು ಬಂದವು. 16 ಹಾಗೇ ಉಳಿಯಿತು. ಕೊನೆಗೆ ಚಿಕ್ಕಂದಿನಲ್ಲೇ ಮದುವೆಯಾಗಿದ್ದ ಮೂವರು ಹೆಂಗಸರು ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತೀರ್ಪು ಅವರಂತೆ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಮರುವರ್ಷ ಇಬ್ಬರಿಗೂ 19 ಎಂದು ತಿದ್ದುಪಡಿಯಾಯಿತು.

ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಪ್ರಶ್ನೆ ಕೇಳಿದ್ದವಳು ನೋಟುಪುಸ್ತಕದ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿ, "ನಲವತ್ತೈದು ವರ್ಷ ಮಿಸ್" ಎಂದಳು.